ಮಾತ್ರೆ ಡಬ್ಬಿ ಬೀರುವಿಗೆ ಯಾಕೆ ಹೋಗಬೇಕು?

ಹೋದ ಜೂನ್‌ನಲ್ಲಿ ಹಾಸನದ ಮನೆಗೆ ಹೋಗಿದ್ದೆವು. ಎರಡನೇ ದಿನ ಬೆಳಿಗ್ಗೆ ನೋಡಿದರೆ, ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿಟ್ಟಿದ್ದ ಮಗನ ಮಾತ್ರೆ ಡಬ್ಬಿ ಇಲ್ಲ. ಅಕ್ಕ ಬೀರು ತೆಗೆದು, ಸೀರೆಗಳ ಹಿಂದಿನಿಂದ ಅದನ್ನು ಎತ್ತಿಕೊಟ್ಟಳು. "ಇವತ್ತು ದೊಡ್ಡಪ್ಪನ ಮನೆಯವರು ಬರ್ತಾರೆ ಕಣೋ. ಸುಮ್ನೆ ಅವರ ಬಾಯಿಗೆ ಯಾಕೆ ಬೀಳೋದು?" ಅಂದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಆ ಮಾತು ಇಡೀ ದಿನ ಚುಚ್ಚುತ್ತಲೇ ಇತ್ತು. ಅಮ್ಮನ ಬಿಪಿ ಮಾತ್ರೆ, ಭಾವನ ಶುಗರ್ ಮಾತ್ರೆ ಊಟದ ಮೇಜಿನ ಮೇಲೇ ಇರುತ್ತವೆ. ನನ್ನ ಮಗನದ್ದು ಮಾತ್ರ ಬೀರುವಿಗೆ ಹೋಗಬೇಕಾ?

ಮಗನಿಗೆ ಒಂಬತ್ತು ವರ್ಷ. ಎಡಿಎಚ್‌ಡಿ ಇದೆ, ಅಂದರೆ ಗಮನ ಒಂದು ಕಡೆ ನಿಲ್ಲುವುದಿಲ್ಲ, ಸುಮ್ಮನೆ ಕೂರುವುದು ಕಷ್ಟ. ಒಂದೂವರೆ ವರ್ಷದಿಂದ ಮಿಥೈಲ್‌ಫೆನಿಡೇಟ್ ಮಾತ್ರೆ ತಗೊಳ್ಳುತ್ತಿದ್ದಾನೆ. ನಾವಿರುವುದು ಓಹಾಯೋದ ಕೊಲಂಬಸ್‌ನಲ್ಲಿ. ಇಲ್ಲಿ ಅವನ ಟೀಚರ್‌ಗೆ ಗೊತ್ತು, ಈಜು ಕಲಿಸುವವರಿಗೆ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತು. ಯಾರೂ ದನಿ ತಗ್ಗಿಸಿ ಕೇಳಿಲ್ಲ.

ಮಕ್ಕಳ ಡಾಕ್ಟರು ವ್ಯಾಂಡರ್‌ಬಿಲ್ಟ್ ಅನ್ನೋ ಫಾರಂ ಕೊಡುತ್ತಾರೆ. ಒಂದು ನಮಗೆ, ಒಂದು ಟೀಚರ್‌ಗೆ. ಮಾತ್ರೆ ಶುರುವಾದ ಮೇಲೆ ತುಂಬುವ ಫಾರಂನಲ್ಲಿ, ಮಗುವಿನಲ್ಲಿ ಏನೇನು ಬದಲಾಯಿತು ಅಂತ ಸಾಲಾಗಿ ಕೇಳುತ್ತಾರೆ. ಹೊಟ್ಟೆನೋವು, ಹಸಿವು, ನಿದ್ದೆ, ಉಗುರು ಕಚ್ಚುವುದು, ಇದ್ದಕ್ಕಿದ್ದಂತೆ ಅಳುವುದು, ಮಂಕಾಗಿ ಕೂರುವುದು. ಕಿರಿಕಿರಿ ಮಾಡಿದರೆ ಯಾವ ಹೊತ್ತಿನಲ್ಲಿ ಅನ್ನುವುದೂ ಅದರಲ್ಲಿದೆ.

ಆ ಹೊತ್ತಿನ ಪ್ರಶ್ನೆಯೇ ನಮ್ಮನ್ನು ಉಳಿಸಿತು. ಶುರುವಿನಲ್ಲಿ ಶಾಲೆಯಿಂದ ದಿನಾ ಒಳ್ಳೆ ಮಾತೇ ಬರುತ್ತಿತ್ತು. ಒಂದೇ ಜಾಗದಲ್ಲಿ ಕೂತ, ಲೆಕ್ಕ ಮುಗಿಸಿದ ಅಂತ. ಮನೆಯಲ್ಲಿ ಸಂಜೆ ಐದಾದರೆ ಬೇರೆಯೇ ಹುಡುಗ. ಶೂ ಲೇಸ್ ಗಂಟು ಬಿದ್ದಿದ್ದಕ್ಕೆ ಅರ್ಧ ಗಂಟೆ ಬಿಕ್ಕಿ ಬಿಕ್ಕಿ ಅತ್ತಿದ್ದಾನೆ. ತಂಗಿಯನ್ನು ತಳ್ಳಿದ್ದಾನೆ. ನಾನೂ ಗದರಿದ್ದೇನೆ, ಅದನ್ನು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ. ಒಂದು ವಾರ ಹೊತ್ತು ಬರೆದಿಟ್ಟುಕೊಂಡು ಹೋಗಿ ತೋರಿಸಿದೆವು. ಔಷಧಿಯ ಬಲ ಇಳಿಯುವ ಹೊತ್ತಿಗೆ ಕೆಲವು ಮಕ್ಕಳಿಗೆ ಹೀಗಾಗುತ್ತದೆ ಅಂದರು ಡಾಕ್ಟರು. ಈಗ ಶಾಲೆಯಿಂದ ಬಂದ ಕೂಡಲೇ ಮೊಸರನ್ನ, ಆಮೇಲೆ ಅರ್ಧ ಗಂಟೆ ಯಾರೂ ಏನೂ ಕೇಳಬಾರದು. ಮಧ್ಯಾಹ್ನ ಹಸಿವೇ ಇರುವುದಿಲ್ಲ, ಊಟದ ಡಬ್ಬಿ ಹಾಗೇ ವಾಪಸ್ ಬರುತ್ತದೆ. ಅದಕ್ಕೇ ಬೆಳಿಗ್ಗೆ ತುಪ್ಪ ಹಾಕಿದ ಎರಡು ದೋಸೆ ತಿಂದ ಮೇಲೇ ಮಾತ್ರೆ. ಪ್ರತಿ ಸಲ ಡಾಕ್ಟರ ಹತ್ತಿರ ಹೋದಾಗ ತೂಕ, ಎತ್ತರ, ಬಿಪಿ ನೋಡುತ್ತಾರೆ.

ನಮ್ಮೂರಿನಲ್ಲಿ ಹತ್ತಿರದ ಸಂಬಂಧದ ಒಬ್ಬ ಹುಡುಗಿ ಇದ್ದಾಳೆ. ಪಿಯುಸಿ. ಪರೀಕ್ಷೆ ಅಂದರೆ ಉಸಿರೇ ಆಡದಷ್ಟು ಭಯ. ಡಾಕ್ಟರು ಫ್ಲುಯಾಕ್ಸೆಟಿನ್ ಬರೆದುಕೊಟ್ಟರು. ಮೊದಲ ವಾರ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ, ರಾತ್ರಿ ನಿದ್ದೆ ಇಲ್ಲ. ಮನೆಯವರು ಹೆದರಿ ತಾವೇ ಮಾತ್ರೆ ನಿಲ್ಲಿಸಿಬಿಟ್ಟರು. ಶುರುವಿನ ದಿನಗಳಲ್ಲಿ ಇಂಥ ಚಡಪಡಿಕೆ ಆಗಬಹುದು, ಆದಾಗ ಕೂಡಲೇ ಡಾಕ್ಟರಿಗೆ ತಿಳಿಸಬೇಕು. ಅಮೆರಿಕದಲ್ಲಿ ಖಿನ್ನತೆ, ಆತಂಕಕ್ಕೆ ಕೊಡುವ ಈ ಔಷಧಿಗಳ ಮೇಲೆ ಮಕ್ಕಳ ವಿಚಾರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಬೇಕು ಅಂತ 2004ರಲ್ಲೇ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿತು. ಕೆಲವು ಮಕ್ಕಳಲ್ಲಿ ಸಾಯುವ ಯೋಚನೆ ಜಾಸ್ತಿಯಾಗಬಹುದು, ಕಣ್ಣಿಟ್ಟಿರಿ ಅಂತ. ಆ ಹುಡುಗಿಯ ಮೇಲೆ ಕಣ್ಣಿಡುವವರು ಯಾರು? ಅಪ್ಪ ಅಮ್ಮನನ್ನು ಬಿಟ್ಟು ಒಬ್ಬರಿಗೂ ಹೇಳಿರಲಿಲ್ಲ. ನಾಳೆ ಮದುವೆ ಮಾತು ಬಂದಾಗ ಯಾರಾದರೂ ಎತ್ತಿ ಆಡಿದರೆ ಅಂತ! ಕಾಲೇಜಿನವರಿಗೂ ಗೊತ್ತಿಲ್ಲ. ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ, ಮಕ್ಕಳಿಗೆ ಅಂತಲೇ ಬೇರೆ ವಿಭಾಗ ಇದೆ. ಆ ಹೆಸರು ಎತ್ತಿದರೆ ಸಾಕು, ನಮ್ಮ ಮನೆಗಳಲ್ಲಿ ಎಲ್ಲರೂ ಬಾಗಿಲ ಕಡೆ ನೋಡುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಇನ್ನೊಂದು ಮಾತು ಹೇಳಲೇಬೇಕು. ಹೇಳುವುದು ಕಷ್ಟ.

ಹಾಸನದಲ್ಲಿ ನಾಲ್ಕನೇ ದಿನ ಅಮ್ಮ ಅವರೆಕಾಯಿ ಸುಲಿಯುತ್ತಾ ಅಂದಳು: "ಹೋದ ಸಲ ಬಂದಾಗ ನನ್ನ ತಲೆ ತಿಂದುಹಾಕಿದ್ದ. ಹಲ್ಲಿ ಯಾಕೆ ಕೆಳಗೆ ಬೀಳಲ್ಲ ಅಜ್ಜಿ, ಬಾವಿಗೆ ನೀರು ಎಲ್ಲಿಂದ ಬರುತ್ತೆ ಅಜ್ಜಿ ಅಂತ. ಈ ಸಲ ಒಂದೂ ಕೇಳಿಲ್ಲ ಕಣೋ. ಮಗು ಪೆಚ್ಚಾಗಿದೆ."

"ಅದು ಪೆಚ್ಚಲ್ಲಮ್ಮ, ಗಮನ. ನಿಂಗೆ ಗೊತ್ತಾಗಲ್ಲ" ಅಂದುಬಿಟ್ಟೆ.

ರಾತ್ರಿ ಫೋನಿನಲ್ಲಿ ಕೊನೆಯ ಫಾರಂ ತೆಗೆದು ನೋಡಿದೆ. ಮೂರು ತಿಂಗಳ ಹಿಂದೆ ಮಾತ್ರೆ 27ರಿಂದ 36 ಮಿಲಿಗ್ರಾಂಗೆ ಏರಿತ್ತು. ಮಂಕಾಗಿ ಕೂರುವುದು ಅನ್ನುವ ಸಾಲಿನ ಮುಂದೆ 'ಇಲ್ಲ' ಅಂತ ಗುರುತು ಹಾಕಿದವನು ನಾನೇ. ಟೀಚರ್ ಕೂಡ 'ಇಲ್ಲ' ಅಂದಿದ್ದರು. ಅವನು ಸುಮ್ಮನಿದ್ದದ್ದು ನಮಗಿಬ್ಬರಿಗೂ ಹಿತವಾಗಿತ್ತು. ಕೇಳದೇ ಇದ್ದ ಪ್ರಶ್ನೆಗಳನ್ನು ಎಣಿಸಿದ್ದು ಅಮ್ಮ ಒಬ್ಬಳೇ. ಮಾತ್ರೆ ವಿಷಯ ಅವಳಿಗೆ ಮೊದಲೇ ಹೇಳಿದ್ದೆ, ಅದಕ್ಕೇ ಹೇಳಲು ಧೈರ್ಯ ಬಂತೋ ಏನೋ.

ವಾಪಸ್ ಬಂದ ಮೇಲೆ ಡಾಕ್ಟರಿಗೆ ತಿಳಿಸಿದೆವು, ಮತ್ತೆ 27ಕ್ಕೆ ಇಳಿಸಿದರು. ಶಾಲೆಯಲ್ಲಿ ಸ್ವಲ್ಪ ಜಾಸ್ತಿ ಎದ್ದು ಓಡಾಡುತ್ತಾನಂತೆ. ಓಡಾಡಲಿ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ಹಲ್ಲಿ ತೋರಿಸು ಅಂತ ಹಟ ಹಿಡಿದ. ಅಮ್ಮ ಫೋನ್ ಹಿಡಿದು ಮನೆಯೆಲ್ಲಾ ಹುಡುಕಿದಳು.

ಬೀರುವಿನ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಬದಲಾಗಿಲ್ಲ. ಅಕ್ಕನಿಗೆ ಹೇಳಿದ್ದೇನೆ: ಮುಂದಿನ ಸಲ ಡಬ್ಬಿ ಶೆಲ್ಫಿನ ಮೇಲೇ ಇರಲಿ, ದೊಡ್ಡಪ್ಪ ಕೇಳಿದರೆ ನಾನೇ ಹೇಳ್ತೀನಿ.