ಅಧ್ವಾನಕ್ಕೆ ಕರ್ತೃ ಬೇಕಾಗಿದ್ದಾರೆ

ಸಂಸ್ಕೃತದಲ್ಲಿ ಅಧ್ವ ಎಂದರೆ ದಾರಿ. ಕನ್ನಡದಲ್ಲಿ ಅಧ್ವಾನ ಎಂದರೆ ಏನು ಅಂತ ಮಳೆಗಾಲದಲ್ಲಿ ಅಂಕೋಲಾದಿಂದ ಕುಮಟಾಕ್ಕೆ ಟೆಂಪೊ ಹತ್ತಿದವರಿಗೆ ಹೇಳಬೇಕಾಗಿಲ್ಲ. ಇವೆರಡರ ನೆಂಟಸ್ತಿಕೆಯ ಬಗ್ಗೆ ಪಂಡಿತರು ಚರ್ಚೆ ಮಾಡಲಿ. ಹೆದ್ದಾರಿ 66 ಎಂದೋ ಮದುವೆ ಮಾಡಿಸಿ ಮುಗಿಸಿದೆ.

ಪದದ ಬಳಕೆ ಸುಲಭ. ಬಹುವಚನ ಬೇಡ. ಎಷ್ಟೇ ಹೊಂಡ ಇದ್ದರೂ ಅಧ್ವಾನ ಒಂದೇ. ತೀರಾ ಜಾಸ್ತಿಯಾದರೆ 'ಅಧ್ವಾನ ಅಂದ್ರೆ ಅಧ್ವಾನ ಮಾರಾಯಾ' ಎಂದರಾಯಿತು.

ಕಷ್ಟ ಇರುವುದು ಕ್ರಿಯಾಪದದಲ್ಲಿ. ಮನೆಯಲ್ಲಿ ಹುಡುಗ ಕಪಾಟಿನ ಬಟ್ಟೆಯೆಲ್ಲ ಎಳೆದು ಹಾಕಿದರೆ, 'ಎಂಥಾ ಅಧ್ವಾನ ಮಾಡಿಟ್ಟಿದ್ದೀಯೋ' ಎಂದು ಅಮ್ಮ ಬೈಯುತ್ತಾಳೆ. ಮಾಡಿದವನು ಎದುರಿಗೇ ನಿಂತಿರುತ್ತಾನೆ, ಕಿವಿಯೂ ಕೈಗೆ ಸಿಗುತ್ತದೆ. ಸರಕಾರಿ ಕನ್ನಡದಲ್ಲಿ 'ಮಾಡು' ಇಲ್ಲ, ಎಲ್ಲವೂ 'ಆಗು'. ರಸ್ತೆ ಹಾಳಾಗಿದೆ, ಕಾಮಗಾರಿ ತಡವಾಗಿದೆ, ಸಾರ್ವಜನಿಕರಿಗೆ ತೊಂದರೆಯಾಗಿದೆ. ಪರಿಶೀಲನೆ ಕೂಡ ತನ್ನಷ್ಟಕ್ಕೇ ಆಗುತ್ತಿರುತ್ತದೆ. ಅಕರ್ಮಕ ಧಾತುವಿಗೆ ಕರ್ಮ ಬೇಡ ಅಂತ ಶಾಲೆಯಲ್ಲಿ ಕಲಿಸಿದ್ದರು. ಈ ಕನ್ನಡಕ್ಕೆ ಕರ್ತೃವೂ ಬೇಡ. ಅನುಭವಿಸುವ ಕರ್ಮ ಮಾತ್ರ ಟೆಂಪೊದಲ್ಲಿ ಕೂತವರದ್ದು.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ 'ಕುಸಿಯಿತು'. ಜನ ಸತ್ತರು. ಅದಕ್ಕೂ ಮೊದಲು ಅದೇ ಗುಡ್ಡವನ್ನು ರಸ್ತೆಗಾಗಿ 'ಕಡಿದಿದ್ದರು' ಅಲ್ವಾ? ಕಡಿಯುವುದು ಸಕರ್ಮಕ, ಕುಸಿಯುವುದು ಅಕರ್ಮಕ. ಹೇಳಿಕೆ ಕೊಡುವವರಿಗೆ ಎರಡನೆಯದೇ ಇಷ್ಟ. ಮೂರು ವಾರ ಕಳೆದು, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆಯೂ 'ಕುಸಿಯಿತು'. ಲಾರಿ ಸಮೇತ ಹೊಳೆಗೆ ಬಿದ್ದ ಚಾಲಕನನ್ನು ಮೇಲೆತ್ತಿದ ವಾಕ್ಯಕ್ಕೆ ಮಾತ್ರ ಕರ್ತೃ ಸಲೀಸಾಗಿ ಸಿಕ್ಕರು: ಮೀನುಗಾರರು, ಪೊಲೀಸರು.

ಕರ್ತೃ ಬೇಕೇ ಬೇಕು ಅಂತ ಹಟ ಹಿಡಿದರೆ ಮಳೆ ಇದೆಯಲ್ಲ. 'ಮಳೆ ಅವಾಂತರ' ಎಂದು ಪೇಪರಿನವರು ಶೀರ್ಷಿಕೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಪ್ರತಿ ಜೂನ್‌ನಲ್ಲೂ ಬರುವ ಈ ಮಳೆ ಇಲಾಖೆಗೆ ಪ್ರತಿ ಜೂನ್‌ನಲ್ಲೂ ಹೊಸಬ. ಪಾಪ, ಮಳೆ ನೋಟಿಸಿಗೆ ಉತ್ತರ ಬರೆಯುವುದಿಲ್ಲ, ಸಭೆಗೆ ಬಂದು ಕಡತ ಕೇಳುವುದಿಲ್ಲ, ವರ್ಗಾವಣೆಗೂ ಓಡಾಡುವುದಿಲ್ಲ. ಇಂಥ ಒಳ್ಳೆಯ ಕರ್ತೃ ಇನ್ನೆಲ್ಲಿ ಸಿಗಬೇಕು?

ವಿಭಕ್ತಿಗಳ ಹಂಚಿಕೆಯೂ ಸರಿಯಾಗಿಯೇ ಇದೆ. ತೃತೀಯಾ ಮಳೆಗೆ: 'ಮಳೆಯಿಂದ'. ಸಪ್ತಮಿ ಕಾಮಗಾರಿಗೆ: 'ಪ್ರಗತಿಯಲ್ಲಿ'. ಚತುರ್ಥಿ ನಮಗೆ: 'ಸಾರ್ವಜನಿಕರಿಗೆ'. ಹೊಂಡ ಮುಚ್ಚುವ ಗಡುವೂ ಚತುರ್ಥಿಯೇ, ಅಂದರೆ ನಮ್ಮ ಚೌತಿ. ಯಾವ ವರ್ಷದ ಚೌತಿ ಅಂತ ಕೇಳಿದರೆ, ಅದನ್ನೂ ಪರಿಶೀಲಿಸಲಾಗುವುದಂತೆ.