ಹೊಸಪೇಟೆ ರಸ್ತೆಯ ಆ ಹಾಲ್ ನಮಗೆ ಬೇಡ

ಕೊಪ್ಪಳದ ಹೊಸಪೇಟೆ ರಸ್ತೆಯಲ್ಲಿ ಖಾಲಿ ಇರುವ ದೊಡ್ಡ ಹಾಲನ್ನು ನಮ್ಮ ರೊಟ್ಟಿ ಕೇಂದ್ರಕ್ಕೆ ಬಾಡಿಗೆ ಹಿಡಿಯುವುದಿಲ್ಲ ಎಂದು ಮಾಲೀಕರಿಗೆ ಹೇಳಿಬಿಟ್ಟಿದ್ದೇನೆ. ಆ ಸುದ್ದಿ ಹಬ್ಬಿದಾಗಿನಿಂದ ಬಂಧುಗಳು, ಗಿರಾಕಿಗಳು, ಎದುರಿನ ಕಿರಾಣಿ ಅಂಗಡಿಯವರು ಎಲ್ಲರದೂ ಒಂದೇ ಮಾತು: "ಮನೆ ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಹಿಂದಕ್ಕೆ ಕಳಿಸುತ್ತಾರೆಯೇ ತಂಗಿ?" ಒಬ್ಬೊಬ್ಬರಿಗೂ ಫೋನಿನಲ್ಲಿ ವಿವರಿಸುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ಹೊಲಿಗೆ, ಖಾನಾವಳಿ, ಹಪ್ಪಳ, ಚಟ್ನಿಪುಡಿ ಎಂದು ಸಣ್ಣದಾಗಿ ಏನಾದರೂ ನಡೆಸುತ್ತಿರುವ ಅಕ್ಕತಂಗಿಯರು ಪೂರ್ತಿ ಓದಲಿ ಎಂಬ ಆಸೆ ನನ್ನದು.

ಮೊದಲು ಇರುವ ಸ್ಥಿತಿ ಹೇಳುತ್ತೇನೆ. ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ ಎರಡು ಕೋಣೆ, ತಿಂಗಳಿಗೆ 7,500 ರೂಪಾಯಿ ಬಾಡಿಗೆ. ರೊಟ್ಟಿ ಬಡಿಯುವವರು ಏಳು ಜನ. ಜಾಗ ಇಕ್ಕಟ್ಟು ಎನ್ನುವುದರಲ್ಲಿ ಎರಡು ಮಾತಿಲ್ಲ. ಜೋಳದ ಚೀಲದ ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್, ಹೊಸ್ತಿಲ ಮೇಲೆ ಕುಳಿತು ಪ್ಯಾಕಿಂಗ್. ಎಳ್ಳಮಾವಾಸ್ಯೆ, ಸಂಕ್ರಾಂತಿ ಹತ್ತಿರ ಬಂದು ಸಜ್ಜೆ ರೊಟ್ಟಿಯ ಆರ್ಡರ್ ಶುರುವಾದರೆ ಕಾಲಿಡಲು ಜಾಗ ಇರುವುದಿಲ್ಲ. ಆ ಹಾಲ್ ನೋಡಿದರೆ 1,600 ಚದರ ಅಡಿ, ಎತ್ತರದ ಶಟರ್, ಬೋರ್‌ವೆಲ್, ಮುಂದೆ ಗಾಡಿ ನಿಲ್ಲಿಸಲು ಅಂಗಳ. ಬಾಡಿಗೆ 28,000 ರೂಪಾಯಿ, ಹತ್ತು ತಿಂಗಳ ಮುಂಗಡ. ನೋಡಿದ ಕ್ಷಣ ನನಗೂ ಮನಸ್ಸಾಗಿತ್ತು. ಯಾರಿಗೆ ಆಗುವುದಿಲ್ಲ?

ಆದರೆ ನಮ್ಮ ವ್ಯಾಪಾರದಲ್ಲಿ ಯಾವುದು ಕಡಿಮೆ ಬೀಳುತ್ತಿದೆ, ಜಾಗವೋ, ಕೈಗಳೋ? ಇದನ್ನು ಯಾರೂ ನನ್ನನ್ನು ಕೇಳಲಿಲ್ಲ. ನಾನೇ ಕೇಳಿಕೊಳ್ಳಬೇಕಾಯಿತು.

ರೊಟ್ಟಿ ಬಡಿಯುವುದನ್ನು ಹತ್ತಿರದಿಂದ ನೋಡಿದವರಿಗೆ ಇದು ಅರ್ಥವಾಗುತ್ತದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಅಕ್ಕ ಒಬ್ಬರಿದ್ದಾರೆ. ಕುದಿಯುವ ಎಸರು ಹಾಕಿ ಕಲಸಿದ ಹಿಟ್ಟನ್ನು ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಮುದ್ದೆಯನ್ನು ಮಣೆಯ ಮೇಲಿಟ್ಟು ಒಂದು ಕೈಯಿಂದ ಬಡಿಯುತ್ತ, ಇನ್ನೊಂದರಿಂದ ಅಂಚನ್ನು ಕಾಯುತ್ತ ತಿರುಗಿಸುತ್ತಾರೆ. ರೊಟ್ಟಿ ತಾನಾಗಿಯೇ ಸುತ್ತುತ್ತಿದೆಯೇನೋ ಎನ್ನಿಸುತ್ತದೆ. ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲಿನ ಹಿಟ್ಟು ಒರೆಸಿ, ತಿರುವಿ, ಉಬ್ಬಿದ ಮೇಲೆ ಒಲೆಯ ಪಕ್ಕಕ್ಕೆ ಒರಗಿಸುತ್ತಾರೆ. ಕಾಗದದಷ್ಟು ತೆಳು, ಒಂದು ಬಿರುಕಿಲ್ಲ. ಅಂಥ ರೊಟ್ಟಿಯನ್ನು ಒಬ್ಬರು ದಿನಕ್ಕೆ ನೂರೈವತ್ತರಷ್ಟು ಮಾಡಬಹುದು. ಅದಕ್ಕಿಂತ ಹೆಚ್ಚು ಮಾಡಿದರೆ ರಾತ್ರಿ ರಟ್ಟೆ ಎತ್ತಲಾಗುವುದಿಲ್ಲ. ನಾನು ಅವರನ್ನು 1,600 ಚದರ ಅಡಿಯಲ್ಲಿ ಕೂರಿಸಿದರೂ ಅವರ ಕೈಯಿಂದ ಬರುವುದು ಅದೇ ನೂರೈವತ್ತು.

ಈಗ ಲೆಕ್ಕಕ್ಕೆ ಬರೋಣ. ಜೋಳ, ಬೀಸಿದ ಕೂಲಿ, ಬಡಿದ ಕೂಲಿ, ಗ್ಯಾಸ್, ಕವರ್ ಎಲ್ಲವನ್ನೂ ಕಳೆದರೆ ಒಂದು ರೊಟ್ಟಿಗೆ ನನ್ನ ಕೈಯಲ್ಲಿ ಉಳಿಯುವುದು ಸುಮಾರು ಒಂದೂಕಾಲು ರೂಪಾಯಿ. ಏಳು ಜನ, ದಿನಕ್ಕೆ ಸಾವಿರದ ಐವತ್ತು ರೊಟ್ಟಿ, ತಿಂಗಳಿಗೆ 26 ದಿನದ ಕೆಲಸ. ಒಟ್ಟು 34,000 ರೂಪಾಯಿಯ ಆಸುಪಾಸು. ಇದರಲ್ಲಿ ಈಗಿನ ಬಾಡಿಗೆ ಕಳೆದರೆ 26,000ಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಅದರಲ್ಲೇ ಮಕ್ಕಳ ಶಾಲೆ, ಅತ್ತೆಯವರ ಔಷಧಿ, ಮನೆ ಖರ್ಚು. ಅದೇ ರೊಟ್ಟಿಯನ್ನು ಆ ದೊಡ್ಡ ಹಾಲ್‌ನಲ್ಲಿ ಮಾಡಿದರೆ ಉಳಿಯುವುದು 6,000. ಏರಿದ ಬಾಡಿಗೆಯ ವ್ಯತ್ಯಾಸ ತುಂಬಿಸಲಿಕ್ಕೇ ತಿಂಗಳಿಗೆ 16,000ಕ್ಕೂ ಹೆಚ್ಚು ರೊಟ್ಟಿ ಹೆಚ್ಚಾಗಿ ಮಾಡಿ ಮಾರಬೇಕು. ಅಂದರೆ ಕೈಪಳಗಿದ ಇನ್ನೂ ನಾಲ್ಕು ಜನರಾದರೂ ಬೇಕು. ಅಷ್ಟೆಲ್ಲ ಮಾಡಿದ ಮೇಲೂ ನಾನು ನಿಂತಿರುವುದು ಇವತ್ತು ಇರುವ ಜಾಗದಲ್ಲೇ. ಕೈಪಳಗಿದವರು ಸಿಗುವುದು ಈಗ ಎಷ್ಟು ಕಷ್ಟ ಎಂದು ಈ ಕಸುಬಿನಲ್ಲಿರುವ ಯಾರನ್ನಾದರೂ ಕೇಳಿ. ಹೊಸ ಹುಡುಗಿಯರಿಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂದು ನಾನು ದೂರುವುದಿಲ್ಲ. ಅವರಿಗೆ ಓದು ಇದೆ, ಬೇರೆ ದಾರಿಗಳಿವೆ, ಇರಲಿ. ಆದರೆ ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಆ ನಾಲ್ವರು ಎಲ್ಲಿಂದ ಬರುತ್ತಾರೆ ಎಂದು ನನಗೆ ಗೊತ್ತಿರಬೇಕಲ್ಲ.

ನಮ್ಮ ಅಣ್ಣನ ಉತ್ತರ: "ಮಷಿನ್ ಹಾಕು." ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ನಮ್ಮ ರಾಜ್ಯದ ಪಾಲೂ ಸೇರಿ ಯೋಜನಾ ವೆಚ್ಚದ ಶೇ. 50ರಷ್ಟು, ಗರಿಷ್ಠ 15 ಲಕ್ಷ ರೂಪಾಯಿವರೆಗೆ ಸಹಾಯಧನ ಸಿಗುತ್ತದೆ ಎನ್ನುವುದು ನಿಜ. ಒಳ್ಳೆಯ ಯೋಜನೆ, ಬಹಳ ಹೆಣ್ಣುಮಕ್ಕಳಿಗೆ ನೆರವಾಗಿದೆ. ಆದರೆ ಆ ಹಣ ಕೈಗೆ ಬರುವುದಿಲ್ಲ. ಮೊದಲು ಬ್ಯಾಂಕಿನ ಸಾಲ ಆಗಬೇಕು, ಮೂರು ವರ್ಷ ಕಂತು ಸರಿಯಾಗಿ ಕಟ್ಟಬೇಕು, ಆಮೇಲೆ ಸಹಾಯಧನ ಸಾಲಕ್ಕೆ ಜಮೆಯಾಗುತ್ತದೆ. ಮಷಿನ್ ರೊಟ್ಟಿಯನ್ನು ನಾನು ಹಳಿಯುವುದಿಲ್ಲ, ಹಾಸ್ಟೆಲುಗಳಿಗೆ, ದೊಡ್ಡ ಹೋಟೆಲುಗಳಿಗೆ ಅದೇ ಸರಿ. ನಮ್ಮಲ್ಲಿಗೆ ಬರುವವರು ಕೈರೊಟ್ಟಿ ಎಂದೇ ಕೇಳಿಕೊಂಡು ಬರುತ್ತಾರೆ. ಬೆಂಗಳೂರಿನಲ್ಲಿ ಓದುವ ಮಕ್ಕಳಿಗೆ ಖಡಕ್ ರೊಟ್ಟಿ ಕಟ್ಟಿ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಕಳಿಸುವ ತಾಯಂದಿರೇ ನಮ್ಮ ಗಟ್ಟಿ ಗಿರಾಕಿಗಳು. ಮಷಿನ್ ಹಾಕಿದರೆ ಅದು ಬೇರೆಯೇ ವ್ಯಾಪಾರ. ಆ ವ್ಯಾಪಾರ ಮಾಡಬೇಕೆಂದು ಮೊದಲು ತೀರ್ಮಾನಿಸಿ, ಆಮೇಲೆ ಅದಕ್ಕೆ ತಕ್ಕ ಕಟ್ಟಡ ಹುಡುಕಬೇಕು. ಕಟ್ಟಡ ಸಿಕ್ಕಿತೆಂದು ವ್ಯಾಪಾರವನ್ನೇ ಬದಲಿಸುವುದು ತಲೆಕೆಳಗಾದ ಲೆಕ್ಕ.

ಇನ್ನೊಂದು ಮಾತನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಬಾಡಿಗೆಯನ್ನು ಜನವರಿಯ ವ್ಯಾಪಾರ ನೋಡಿ ಒಪ್ಪಬೇಡಿ, ಆಷಾಢದ ವ್ಯಾಪಾರ ನೋಡಿ ಒಪ್ಪಿ. ಜನವರಿಯಲ್ಲಿ ಕೊಪ್ಪಳದಲ್ಲಿ ರೊಟ್ಟಿ ಎಂದರೆ ಸಂಭ್ರಮ. ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ತಾಯಂದಿರು ಲಕ್ಷಗಟ್ಟಲೆ ರೊಟ್ಟಿ ಬಡಿದು ಟ್ರ್ಯಾಕ್ಟರುಗಳಲ್ಲಿ ತಂದು ಒಪ್ಪಿಸುತ್ತಾರೆ. ಅದು ಭಕ್ತಿಯ ರೊಟ್ಟಿ, ಅದರಲ್ಲಿ ವ್ಯಾಪಾರದ ಮಾತಿಲ್ಲ. ಆ ದಿನಗಳಲ್ಲಿ ನಾವೂ ಒಲೆಯ ಮುಂದೆ ಕುಳಿತು ನಮ್ಮ ಪಾಲಿನ ರೊಟ್ಟಿ ಕಟ್ಟಿ ಕಳಿಸುತ್ತೇವೆ. ಅದೇ ತಿಂಗಳು ನಮ್ಮ ಸಜ್ಜೆ ರೊಟ್ಟಿಯ ಆರ್ಡರೂ ತುಂಬಿರುತ್ತದೆ, ಆಮೇಲೆ ಮದುವೆಗಳು ಶುರುವಾಗುತ್ತವೆ. ಆಗ ಯಾರು ಬಂದು ಎಷ್ಟು ಬಾಡಿಗೆ ಹೇಳಿದರೂ ಕೊಡಬಹುದು ಎನ್ನಿಸುತ್ತದೆ. ಆಷಾಢ ಬಂದರೆ ಮದುವೆ ಇಲ್ಲ, ಮೋಡ ಕವಿದಿರುತ್ತದೆ, ಖಡಕ್ ರೊಟ್ಟಿ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ, ಅಂಗಡಿಯವರು ಪ್ಯಾಕೆಟ್ ಹಿಂದಕ್ಕೆ ಕೊಡುತ್ತಾರೆ. ಬಾಡಿಗೆಗೆ ಆಷಾಢವಿಲ್ಲ, ಪ್ರತಿ ತಿಂಗಳೂ ಅಷ್ಟನ್ನೇ ಕೇಳುತ್ತದೆ. ವಿದ್ಯುತ್ ಬಿಲ್ಲಿನಲ್ಲಿಯೂ ಹಾಗೆಯೇ: ಮಂಜೂರಾದ ಲೋಡ್ ಹೆಚ್ಚಾದಷ್ಟೂ ನಿಗದಿತ ಶುಲ್ಕ ಹೆಚ್ಚು, ಒಲೆ ಹಚ್ಚಲಿ ಬಿಡಲಿ.

ಮುಂಗಡದ ವಿಷಯ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. 2,80,000 ರೂಪಾಯಿ ಬಡ್ಡಿಯಿಲ್ಲದೆ ಮಾಲೀಕರ ಬಳಿ ಕೂರುತ್ತದೆ. ಹಿಂಗಾರಿ ಜೋಳದ ಸುಗ್ಗಿ ಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ರೈತರ ಕಣದಿಂದ ನೇರವಾಗಿ ಒಳ್ಳೆಯ ಮಾಲ್ದಂಡಿ ತಳಿಯ ಜೋಳ ಕೊಳ್ಳಲು ಅದೇ ಸಮಯ, ಆದರೆ ರೊಕ್ಕ ಕೈಯಲ್ಲಿ ಇರಬೇಕು. ಕೇಂದ್ರ ಸರ್ಕಾರ 2025-26ಕ್ಕೆ ಮಾಲ್ದಂಡಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ಕಾಳು ಚೆನ್ನಾಗಿದ್ದರೆ ನಾನು 4,000 ಕೊಟ್ಟು ಕೊಳ್ಳಲೂ ಸಿದ್ಧ. ಆ ದರದಲ್ಲಿ ಮುಂಗಡದ ಹಣಕ್ಕೆ 70 ಕ್ವಿಂಟಲ್ ಜೋಳ ಬರುತ್ತದೆ, ನಮಗೆ ನಾಲ್ಕು ತಿಂಗಳಿಗೂ ಮೀರಿ ಸಾಕು. 2023ರ ಬರದ ವರ್ಷ ಜೋಳದ ದರ ಏರಿದಾಗ ಕಣದಲ್ಲೇ ಕೊಂಡಿಟ್ಟುಕೊಂಡವರು ಉಳಿದರು, ವಾರವಾರಕ್ಕೆ ಪೇಟೆಯಲ್ಲಿ ಕೊಳ್ಳುವವರು ರೊಟ್ಟಿಯ ದರ ಏರಿಸಿ ಗಿರಾಕಿಗಳನ್ನು ಕಳೆದುಕೊಂಡರು. ನಮ್ಮ ಹಿರಿಯರು ನೆಲದೊಳಗೆ ಹಗೇವು ತೋಡಿ ವರ್ಷಗಟ್ಟಲೆ ಜೋಳ ಕಾಪಾಡುತ್ತಿದ್ದುದು ಸುಮ್ಮನೆ ಅಲ್ಲ. ಅಂದಹಾಗೆ, ಕಾಳು ಕಾಪಾಡಬಹುದು, ಹಿಟ್ಟು ಕಾಪಾಡಲಾಗದು. ಬೀಸಿದ ಜೋಳದ ಹಿಟ್ಟು ಹಳತಾದಂತೆ ಕಹಿಯಾಗುತ್ತದೆ, ಜಿಗಿ ಹೋಗಿ ರೊಟ್ಟಿ ಬಿರಿಯುತ್ತದೆ. ಹೀಗಾಗಿ ದೊಡ್ಡ ಜಾಗದಲ್ಲಿ ಹಿಟ್ಟು ತುಂಬಿಡಬಹುದು ಎಂದು ಸಲಹೆ ಕೊಟ್ಟವರ ಮಾತು ಈ ಕಸುಬಿಗೆ ಹೊಂದುವುದಿಲ್ಲ.

ನಮ್ಮ ಏಳು ಜನರಲ್ಲಿ ಐವರು ಅಕ್ಕಪಕ್ಕದ ಓಣಿಗಳವರು. ಬೆಳಿಗ್ಗೆ ಐದೂವರೆಗೆ ನಡೆದು ಬರುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುವ ಹೊತ್ತಿಗೆ ಒಮ್ಮೆ ಮನೆಗೆ ಹೋಗಿ ಬರುತ್ತಾರೆ. ಆ ಹಾಲಿಗೆ ಹೋದರೆ ಈ ಓಡಾಟ ಸಾಧ್ಯವಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ದುಡ್ಡು ಕೊಡಬೇಕಾಗಿಲ್ಲ, ಒಪ್ಪುತ್ತೇನೆ. ಆದರೆ ಆ ಹೊತ್ತಿಗೆ ಆ ಕಡೆ ಬಸ್ ಎಲ್ಲಿದೆ? ಆಟೋಗೆ ಕೊಟ್ಟರೆ ಅವರ ಕೂಲಿಯ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ನಾನು ಆ ಹಾಲ್ ಬಗ್ಗೆ ಪ್ರಸ್ತಾಪಿಸಿದ ದಿನ ಯಾರೂ ಬೇಡ ಎನ್ನಲಿಲ್ಲ. ಹಿರಿಯ ಅಕ್ಕ ಮಾತ್ರ, "ನಿನಗೆ ಒಳ್ಳೆಯದಾಗುವುದಾದರೆ ಹೋಗು ತಾಯಿ, ನಾವು ಬರಲು ನೋಡುತ್ತೇವೆ" ಎಂದರು. ನೋಡುತ್ತೇವೆ ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಅವರು ಬಾರದಿದ್ದರೆ ಆ ಹಾಲಿನಲ್ಲಿ ನಾನು ಮಾರುವುದೇನನ್ನು?

ಧೂಳಿನ ವಿಷಯವೂ ಇದೆ. ಆ ಹಾಲ್ ಇರುವುದು ಕಾರ್ಖಾನೆಗಳಿರುವ ಗಿಣಿಗೇರಾ ಕಡೆಗೆ. ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿ ನೋಡಿದೆ, ಕಾಡಿಗೆ ಹಚ್ಚಿದಂತೆ ಕಪ್ಪಾಯಿತು. ಕಾರ್ಖಾನೆಗಳ ಕಪ್ಪು ಧೂಳಿನ ವಿರುದ್ಧ ನಮ್ಮ ಜನ ಬೀದಿಗಿಳಿದು ಹೋರಾಡುತ್ತಿರುವುದು ಕೊಪ್ಪಳದವರಿಗೆ ನಾನು ಹೇಳಬೇಕಾಗಿಲ್ಲ. ಬಿಸಿ ರೊಟ್ಟಿಯನ್ನು ಹರವಿ ಆರಿಸುವ ನಮಗೆ ಆ ಕಿಟಕಿಗಳನ್ನು ತೆರೆಯಲಾಗದು. ತೆರೆಯದಿದ್ದರೆ ನಮ್ಮ ಬೇಸಿಗೆಯಲ್ಲಿ ಒಲೆಯ ಮುಂದೆ ಯಾರನ್ನು ಕೂರಿಸಲಿ?

ಕಾಗದಪತ್ರದ ಬಗ್ಗೆ ತಿಳಿದಿಟ್ಟುಕೊಳ್ಳಿ. ಎಲ್ಲ ಮಾಲೀಕರಂತೆ ಇವರೂ 11 ತಿಂಗಳ ಕರಾರು ಎಂದರು. ಒಂದು ವರ್ಷ ಮೀರಿದ ಗುತ್ತಿಗೆಯಾದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು, ಅದಕ್ಕೇ ಈ ಹನ್ನೊಂದರ ಪದ್ಧತಿ. ಹೊಗೆ ಹೋಗಲು ಚಿಮಣಿ, ಗ್ಯಾಸ್ ಪೈಪು, ನೆಲಕ್ಕೆ ಟೈಲ್ಸು ಎಂದು ನಾನು ಲಕ್ಷ ಸುರಿದು ಹನ್ನೆರಡನೆಯ ತಿಂಗಳು ಮಾಲೀಕರು ಬಾಡಿಗೆ ಏರಿಸಿದರೆ ಚಿಮಣಿಯನ್ನು ಹೊತ್ತುಕೊಂಡು ಹೋಗಲಾಗುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಕಾಪಾಡುತ್ತದೆ ಎಂದು ಯಾರೋ ಹೇಳಿದರು. ವಾಣಿಜ್ಯದ ಜಾಗ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರಿದರೆ ಆ ಕಾಯ್ದೆಯೇ ಅನ್ವಯಿಸುವುದಿಲ್ಲ. ದೊಡ್ಡ ಜಾಗಕ್ಕೆ ಹೋಗುವವರಿಗೆ ಕರಾರು ಪತ್ರವೇ ಆಸರೆ. ನಾನು ಮೂರು ವರ್ಷದ ನೋಂದಾಯಿತ ಕರಾರು ಕೇಳಿದೆ, ವರ್ಷಕ್ಕೆ ಎಷ್ಟು ಏರಿಕೆ ಎಂದು ಅದರಲ್ಲೇ ಬರೆಯಲು ಕೇಳಿದೆ. ಮಾಲೀಕರು ಒಪ್ಪಲಿಲ್ಲ. ಅವರ ಕಟ್ಟಡ, ಅವರ ಇಷ್ಟ, ನನಗೆ ಕೋಪವಿಲ್ಲ. ಆಹಾರ ಸುರಕ್ಷತಾ ನೋಂದಣಿಯೂ ಜಾಗಕ್ಕೆ ಅಂಟಿಕೊಂಡದ್ದು. ಜಾಗ ಬದಲಾದರೆ ಅದನ್ನು ಹೊಸದಾಗಿ ಮಾಡಿಸಬೇಕು. ಹಳೆಯ ವಿಳಾಸ, ಹಳೆಯ 14 ಅಂಕಿಯ ಸಂಖ್ಯೆ ಇರುವ ಕವರುಗಳೆಲ್ಲ ದಂಡ.

ಹಾಗೆಂದು ಯಾರೂ ದೊಡ್ಡ ಜಾಗಕ್ಕೆ ಹೋಗಬಾರದು ಎಂದು ನಾನು ಹೇಳುತ್ತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಹೆಣ್ಣುಮಕ್ಕಳ ವ್ಯಾಪಾರಕ್ಕೆ ಮಾತ್ರ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೊಲಿಗೆ ಯಂತ್ರಗಳು ಇದ್ದು, ಹೊಲಿಯುವವರು ಇದ್ದು, ಆರ್ಡರ್ ಇದ್ದು, ಕೂರಲು ಜಾಗವಿಲ್ಲದೆ ಕೆಲಸ ವಾಪಸ್ ಹೋಗುತ್ತಿದ್ದರೆ ಇವತ್ತೇ ಹೋಗಿ, ಸಾಲ ಮಾಡಿಯಾದರೂ ಹೋಗಿ. ನನ್ನ ಗೆಳತಿಯೊಬ್ಬಳು ಹಾಗೆ ಹೋಗಿ ಗೆದ್ದಿದ್ದಾಳೆ. ಅವಳಿಗೆ ಜಾಗವೇ ಕಡಿಮೆ ಬಿದ್ದಿತ್ತು. ನನಗೆ ನಿಜವಾಗಿ ಜಾಗ ಬೇಕಿರುವುದು ಒಣಗಿಸಲು ಮತ್ತು ಪ್ಯಾಕಿಂಗ್‌ಗೆ. ರೊಟ್ಟಿ ಬಡಿಯಲು ಈಗಿರುವುದು ಸಾಕು. ಮಳೆಗಾಲದಲ್ಲಿ ತೇವ ಬಾರದ ಒಂದು ಕೋಣೆ ಸಿಕ್ಕರೆ ಮೆತ್ತಗಾಗಿ ವಾಪಸ್ ಬರುವ ಪ್ಯಾಕೆಟ್ ಕಡಿಮೆಯಾಗುತ್ತದೆ, ಹೊಸ್ತಿಲೂ ಬಿಡುವಾಗುತ್ತದೆ. ಅದಕ್ಕೆ ತಿಂಗಳಿಗೆ ನಾಲ್ಕೈದು ಸಾವಿರ ಕೊಡಲು ಸಿದ್ಧಳಿದ್ದೇನೆ. ಮುಂಗಡಕ್ಕೆಂದು ಕೂಡಿಸಿದ್ದ ಹಣ ಬರುವ ಸುಗ್ಗಿಯ ಜೋಳಕ್ಕೆ.

ಗಡಿಯಾರ ಕಂಬದಿಂದ ಜವಾಹರ ರಸ್ತೆಯವರೆಗೆ ಯಾವ ಓಣಿಯಲ್ಲಾದರೂ ಸರಿ, ನೆಲ ಒಣಗಿರುವ, ಎರಡು ಕಡೆ ಕಿಟಕಿ ಇರುವ, ಹತ್ತಡಿಗೆ ಹನ್ನೆರಡಡಿ ಕೋಣೆ ನಿಮಗೆ ಗೊತ್ತಿದ್ದರೆ ಇನ್‌ಬಾಕ್ಸಿನಲ್ಲಿ ತಿಳಿಸಿ. ನೆಲಮಹಡಿಯೇ ಆಗಬೇಕು, ರೊಟ್ಟಿಯ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಲು ನಮ್ಮ ಅಕ್ಕಂದಿರ ಮೊಣಕಾಲು ಕೇಳುವುದಿಲ್ಲ.