ಒರೆಸಿದರೂ ಹೋಗದ ಮಸಿ

ಹೋದ ತಿಂಗಳು ಒಂದು ಇಂಟರ್‌ವ್ಯೂಗೆ ಹೋಗಿದ್ದೆ. ಎದುರಿಗಿದ್ದವರು ನನ್ನ ರೆಸ್ಯುಮೆ ಮೇಲೆ ಕೆಳಗೆ ನೋಡಿ, "ನೀವು ಡಿಸೈನರ್ರಾ, ಎಡಿಟರ್ರಾ, ಇಲಸ್ಟ್ರೇಟರ್ರಾ? ಮೊದಲು ಅದನ್ನ ಡಿಸೈಡ್ ಮಾಡ್ಕೊಳ್ಳಿ" ಅಂದರು. ಕೆಲಸ ಸಿಗಲಿಲ್ಲ, ಬಿಡಿ. ವಾಪಸ್ ಬರುವಾಗ ಮೆಟ್ರೋದಲ್ಲಿ ನಿಂತು ನೆನಪಾದದ್ದು ವಿಲಿಯಂ ಕೆಂಟ್ರಿಜ್. ಇವರ ಬಗ್ಗೆ ಬರೆಯಬೇಕು ಅಂತ 2019ರಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಸೋಮಾರಿತನಕ್ಕೂ ಒಂದು ಮಿತಿ ಬೇಕಲ್ವಾ, ಅದಕ್ಕೇ ಇವತ್ತು ಕೂತೆ.

ಕೆಂಟ್ರಿಜ್ ದಕ್ಷಿಣ ಆಫ್ರಿಕಾದವರು. ಹುಟ್ಟಿದ್ದು 1955ರಲ್ಲಿ, ಜೋಹಾನ್ಸ್‌ಬರ್ಗ್‌ನಲ್ಲಿ. ಈಗಲೂ ಅವರ ಸ್ಟುಡಿಯೋ ಅಲ್ಲೇ. ಹೆಸರು ಹಾಕಿ ಹುಡುಕಿದರೆ 'ಮಲ್ಟಿಡಿಸಿಪ್ಲಿನರಿ ಆರ್ಟಿಸ್ಟ್' ಅಂತ ಬರುತ್ತದೆ. ಜೊತೆಗೆ ಒಂದು ಉದ್ದ ಪಟ್ಟಿ. ಚಿತ್ರ, ಪ್ರಿಂಟ್, ಅನಿಮೇಷನ್ ಸಿನಿಮಾ, ನಾಟಕ, ಬೊಂಬೆಯಾಟ, ಒಪೆರಾ ಅನ್ನೋ ಹಾಡುನಾಟಕ, ಶಿಲ್ಪ, ಟ್ಯಾಪೆಸ್ಟ್ರಿ ಅನ್ನೋ ನೇಯ್ದ ಚಿತ್ರ. ಓದುವಷ್ಟರಲ್ಲೇ ಸುಸ್ತು. ನನಗೇನೋ ಆ ಪಟ್ಟಿಯೇ ದಾರಿ ತಪ್ಪಿಸುತ್ತದೆ ಅನಿಸುತ್ತದೆ. ಅವರು ಮಾಡಿಕೊಂಡು ಬಂದಿರೋದು ಒಂದೇ ಕೆಲಸ. ಇದ್ದಿಲಲ್ಲಿ ಬರೆಯೋದು, ಒರೆಸೋದು, ಅದರ ಮೇಲೇ ಮತ್ತೆ ಬರೆಯೋದು.

ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ನಾವೆಲ್ಲ ನೋಡಿರುವ, ಕೈಯಲ್ಲಿ ಚಿತ್ರ ಬರೆದು ಮಾಡಿದ ಕಾರ್ಟೂನು ಸಿನಿಮಾಗಳಲ್ಲಿ ಒಂದೊಂದು ಚಲನೆಗೂ ಒಂದೊಂದು ಹೊಸ ಹಾಳೆ. ಒಂದು ಸೆಕೆಂಡಿಗೆ 24 ಫ್ರೇಮು, ಅಂದರೆ 24 ಬಿಡಿ ಚಿತ್ರ. ನೂರಾರು ಜನ ಕೂತು ಸಾವಿರಾರು ಹಾಳೆ ಬರೆಯಬೇಕು. ಕೆಂಟ್ರಿಜ್ ಗೋಡೆಗೆ ಒಂದೇ ಹಾಳೆ ಹೊಡೆದರು. ಸ್ಟುಡಿಯೋದ ಇನ್ನೊಂದು ಕಡೆ ಕ್ಯಾಮೆರಾ ಇಟ್ಟರು. ಇದ್ದಿಲಲ್ಲಿ ಒಂದು ಚಿತ್ರ ಬರೆದು, ನಡೆದು ಹೋಗಿ ಒಂದೆರಡು ಫ್ರೇಮು ತೆಗೆಯೋದು. ವಾಪಸ್ ಬಂದು ಕೈಯನ್ನೋ ಕಣ್ಣನ್ನೋ ಒಂದು ಚೂರು ಒರೆಸಿ, ಪಕ್ಕಕ್ಕೆ ಸರಿಸಿ ಬರೆಯೋದು. ಮತ್ತೆ ಕ್ಯಾಮೆರಾ ಹತ್ತಿರ. ಹಗಲೆಲ್ಲಾ ಇದೇ ಓಡಾಟ. ಹಾಗೆ ಎಂಟು ನಿಮಿಷದ ಒಂದು ಸಿನಿಮಾ ಮುಗಿದಾಗ ಕೈಯಲ್ಲಿ ಉಳಿಯೋದು ಇಪ್ಪತ್ತು, ಮೂವತ್ತು, ಹೆಚ್ಚೆಂದರೆ ನಲವತ್ತು ಹಾಳೆ. ಐಡಿಯಾ ಹೊಳೆಯೋದು ಆ ನಡಿಗೆಯಲ್ಲೇ ಅಂತ ಅವರು ಎಷ್ಟೋ ಸಲ ಹೇಳಿದ್ದಾರೆ. ಮೊದಲೇ ಸ್ಕ್ರಿಪ್ಟ್ ಇಲ್ಲ, ಸ್ಟೋರಿಬೋರ್ಡ್ ಇಲ್ಲ.

ಆದರೆ ಇದ್ದಿಲು ಪೂರ್ತಿ ಅಳಿಸಿ ಹೋಗುವುದಿಲ್ಲ. ಎಷ್ಟು ಉಜ್ಜಿದರೂ ಹಾಳೆಯ ಮೇಲೆ ಒಂದು ಬೂದು ಮಸಿ ಉಳಿದೇ ಉಳಿಯುತ್ತದೆ. ಪರದೆಯ ಮೇಲೆ ಒಬ್ಬ ಮನುಷ್ಯ ನಡೆದು ಹೋದರೆ ಅವನ ಹಿಂದೆ ಅವನ ಹಳೆಯ ಹೆಜ್ಜೆಗಳ ನೆರಳು ಎಳೆದುಕೊಂಡು ಬರುತ್ತದೆ. ಶುರುವಿನಲ್ಲಿ ಇದು ತಪ್ಪು ಅಂತಲೇ ಅವರಿಗೂ ಅನಿಸಿ, ಮಸಿ ಹೋಗಿಸಲು ಒದ್ದಾಡಿದ್ದರಂತೆ. ಆಮೇಲೆ ಬಿಟ್ಟರು. ಅದೇ ಅವರ ಗುರುತಾಯಿತು.

ನಮ್ಮ ಕಾಲದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಸ್ಲೇಟು ನೆನಪಿದೆಯಲ್ಲ. ಉಗುಳು ಹಚ್ಚಿ ಅಂಗೈಯಲ್ಲಿ ಉಜ್ಜಿದರೆ ಅಕ್ಷರ ಹೋಗುತ್ತಿತ್ತು, ಒಣಗಿದ ಮೇಲೆ ನೋಡಿದರೆ ಹಳೆಯ ಮಗ್ಗಿ ಅಲ್ಲೇ ಮಬ್ಬಾಗಿ ಕೂತಿರುತ್ತಿತ್ತು. "ಸರಸ್ವತಿಗೆ ಉಗುಳು ಹಚ್ತೀಯೇನೋ" ಅಂತ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಈಗ ನಾನು ಕಂಪ್ಯೂಟರಿನಲ್ಲಿ ದಿನಕ್ಕೆ ಇನ್ನೂರು ಸಲ 'ಅನ್‌ಡೂ' (undo) ಒತ್ತುತ್ತೇನೆ. ತಪ್ಪು ಮಾಡಿದ್ದಕ್ಕೆ ಸಾಕ್ಷಿಯೇ ಇರಲ್ಲ.

ಒಂದು ಹಳದಿ ಡಬ್ಬದ ಕತೆ ಇದೆ. ಅವರೇ ಹೇಳಿಕೊಂಡಿದ್ದು. ಅಪ್ಪ ಸಿಡ್ನಿ ಕೆಂಟ್ರಿಜ್ ದೊಡ್ಡ ವಕೀಲರು. ನೆಲ್ಸನ್ ಮಂಡೇಲಾ ಕೂಡ ಆರೋಪಿಯಾಗಿದ್ದ ದೇಶದ್ರೋಹದ ಮೊಕದ್ದಮೆಯಲ್ಲಿ ವಾದಿಸಿದವರು. ಹುಡುಗನಿಗೆ ಆಗ ಐದೋ ಆರೋ ವರ್ಷ. ಅಪ್ಪನ ಮೇಜಿನ ಮೇಲೆ ಚಪ್ಪಟೆಯಾದ ಒಂದು ಹಳದಿ ಡಬ್ಬ ಕಂಡಿತು. ಚಾಕಲೇಟ್ ಇರಬಹುದು ಅಂತ ಮುಚ್ಚಳ ತೆಗೆದ. ಒಳಗಿದ್ದದ್ದು ಫೋಟೊಗಳು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ ಸತ್ತವರ ಹೆಣಗಳು. ಅವತ್ತು ಸತ್ತವರು ಸರ್ಕಾರಿ ಲೆಕ್ಕದಲ್ಲೇ 69 ಜನ. ಕಪ್ಪು ಜನ ಸದಾ ಗುರುತುಪತ್ರ ಇಟ್ಟುಕೊಂಡೇ ಓಡಾಡಬೇಕು ಅನ್ನುವ, ಬಿಳಿಯರ ಸರ್ಕಾರದ ಪಾಸ್ ಕಾನೂನಿನ ವಿರುದ್ಧ ಸೇರಿದ್ದ ಕಪ್ಪು ಜನ.

ಹದಿನೇಳು ವರ್ಷ ಆದಮೇಲೆ ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಸ್ಟೀವ್ ಬಿಕೊ ಪೊಲೀಸ್ ಕಸ್ಟಡಿಯಲ್ಲಿ ಸತ್ತಾಗ, ಆ ವಿಚಾರಣೆಯಲ್ಲಿ ಬಿಕೊ ಮನೆಯವರ ಪರ ನಿಂತದ್ದೂ ಇದೇ ಅಪ್ಪ. ಯಾರದೂ ತಪ್ಪಿಲ್ಲ ಅಂತ ತೀರ್ಪು ಬಂತು. ಅಮ್ಮ ಫೆಲಿಷಿಯಾ ಕೂಡ ವಕೀಲೆ. ಇಂಥ ಮನೆಯಲ್ಲಿ ಹುಟ್ಟಿ ಈತ ಇದ್ದಿಲು ಹಿಡಿದರು. ಅದೂ ನೇರವಾಗಿ ಅಲ್ಲ. ಯೂನಿವರ್ಸಿಟಿಯಲ್ಲಿ ಓದಿದ್ದು ರಾಜಕೀಯ ಶಾಸ್ತ್ರ. ಆಮೇಲೆ ಚಿತ್ರಕಲೆ ಕಲಿತರು, ಆಯಿಲ್ ಪೇಂಟಿಂಗ್ ಕೈಗೆ ಹತ್ತಲಿಲ್ಲ. ನಟ ಆಗುತ್ತೇನೆ ಅಂತ ಪ್ಯಾರಿಸ್‌ನ ಜಾಕ್ ಲೆಕಾಕ್ ಶಾಲೆಗೆ ಹೋದರು. ಕೆಲವೇ ದಿನಗಳಲ್ಲಿ ನನ್ನಿಂದ ನಟನೆ ಆಗಲ್ಲ ಅಂತ ಗೊತ್ತಾಯಿತಂತೆ. ವಾಪಸ್ ಬಂದು ಟಿವಿ, ಸಿನಿಮಾಗಳಿಗೆ ಸೆಟ್ ಮಾಡುವ ಕೆಲಸ. ಅದೂ ಸರಿಬರಲಿಲ್ಲ. ಕೊನೆಗೆ ಉಳಿದದ್ದು ಮೊದಲಿಂದ ಮಾಡುತ್ತಿದ್ದ ಚಿತ್ರವೇ. ಸೋಲೇ ನನ್ನನ್ನು ಕಾಪಾಡಿತು ಅನ್ನುವ ಅರ್ಥದಲ್ಲಿ ನಗುತ್ತಾ ಹೇಳುತ್ತಾರೆ.

ಮಜಾ ಏನು ಅಂದರೆ, ಸೋತದ್ದು ಯಾವುದೂ ದಂಡ ಆಗಲಿಲ್ಲ. ಸ್ಟುಡಿಯೋದಲ್ಲಿ ಹಾಳೆಗೂ ಕ್ಯಾಮೆರಾಗೂ ನಡುವೆ ಅವರು ನಡೆಯುವ ವಿಡಿಯೋ ನೋಡಿ. ಅದು ಲೆಕಾಕ್ ಶಾಲೆಯಲ್ಲಿ ದೇಹ ಬಳಸೋದು ಕಲಿತವನ ನಡಿಗೆ.

1989ರಲ್ಲಿ ಬಂದ ಇದ್ದಿಲು ಸಿನಿಮಾ 'ಜೋಹಾನ್ಸ್‌ಬರ್ಗ್, ಸೆಕೆಂಡ್ ಗ್ರೇಟೆಸ್ಟ್ ಸಿಟಿ ಆಫ್ಟರ್ ಪ್ಯಾರಿಸ್'. ಅಲ್ಲಿಂದ ಸೋಹೋ ಎಕ್‌ಸ್ಟೈನ್ ಅನ್ನೋ ಪಾತ್ರ ಶುರು. ಪಟ್ಟೆಪಟ್ಟೆ ಸೂಟು, ಬಾಯಲ್ಲಿ ಚುಟ್ಟಾ, ಗಣಿ ಧಣಿ. ಅವನ ಎದುರು ಫೀಲಿಕ್ಸ್, ಯಾವಾಗಲೂ ಬೆತ್ತಲೆ, ಯಾವಾಗಲೂ ಏನೋ ಯೋಚನೆ. ಇಬ್ಬರ ಮುಖದಲ್ಲೂ ಕೆಂಟ್ರಿಜ್ ಅವರದೇ ಹೋಲಿಕೆ. ಧಣಿ ಬೇರೆ, ನಾನು ಬೇರೆ ಅಂತ ತಪ್ಪಿಸಿಕೊಳ್ಳಲಿಲ್ಲ ನೋಡಿ, ಅದು ನನಗೆ ಇಷ್ಟ.

1991ರ 'ಮೈನ್' ಸಿನಿಮಾದಲ್ಲಿ ಒಂದು ದೃಶ್ಯ ಇದೆ. ನಾನು ಕಮ್ಮಿ ಅಂದರೂ ಮೂವತ್ತು ಸಲ ನೋಡಿದ್ದೇನೆ. ಸೋಹೋ ಹಾಸಿಗೆಯಲ್ಲಿ ಕೂತು ಬೆಳಗಿನ ಕಾಫಿಗೆ ಕೈ ಹಾಕುತ್ತಾನೆ. ನಮ್ಮ ಫಿಲ್ಟರ್ ಅಲ್ಲ. ಗಾಜಿನ ಜಗ್ಗು, ಮೇಲಿಂದ ಪಿಸ್ಟನ್ ಥರ ಒತ್ತುವ ಜಾಲರಿ. ಒತ್ತುತ್ತಾನೆ. ಜಾಲರಿ ಜಗ್ಗಿನ ತಳಕ್ಕೆ ಬಂದು ನಿಲ್ಲಬೇಕು, ನಿಲ್ಲಲ್ಲ. ಟ್ರೇ ತೂತು ಮಾಡುತ್ತದೆ, ಹಾಸಿಗೆ ತೂತು ಮಾಡುತ್ತದೆ, ನೆಲದೊಳಕ್ಕೆ ಇಳಿಯುತ್ತದೆ. ಕಾರ್ಮಿಕರು ಸಾಲಾಗಿ ಮಲಗಿರುವ ಗೂಡುಗಳ ನಡುವೆ, ಅವರು ಸ್ನಾನ ಮಾಡುವ ಜಾಗದ ನಡುವೆ ಹಾದು ಗಣಿಯ ಶಾಫ್ಟ್ ಆಗಿಬಿಡುತ್ತದೆ. ಮೇಲೆ ಧಣಿ ಹಾಸಿಗೆಯಲ್ಲೇ ಇದ್ದಾನೆ. ಒಂದು ಮಾತಿಲ್ಲ. ಸ್ಟುಡಿಯೋದಲ್ಲಿ ಅವತ್ತು ಅಂಥ ಒಂದು ಕಾಫಿ ಜಗ್ಗು ಇತ್ತಂತೆ, ಅಷ್ಟೇ. ಟೀ ಇದ್ದಿದ್ದರೆ ಈ ಸಿನಿಮಾ ಹೀಗೆ ಇರುತ್ತಿರಲಿಲ್ಲ.

ನಾನು ಬಂಗಾರಪೇಟೆ ಕಡೆಯವನು. ಜೋಹಾನ್ಸ್‌ಬರ್ಗ್ ಹುಟ್ಟಿದ್ದೇ ಚಿನ್ನದಿಂದ, ಊರಿನ ಸುತ್ತ ಗಣಿ ಮಣ್ಣಿನ ದಿಬ್ಬಗಳು. ಕೆಂಟ್ರಿಜ್ ಆ ಬೋಳು ದಿಬ್ಬಗಳನ್ನು ಬರೆದದ್ದು ನೋಡಿದಾಗ ನನಗೆ ಕಂಡದ್ದು ಕೆಜಿಎಫ್‌ನ ಸೈನೈಡ್ ಗುಡ್ಡ. ಸುಮ್ನೆ ಹೋಲಿಕೆ ಅಲ್ಲ. ಅರೆದ ಕಲ್ಲಿನಿಂದ ಸೈನೈಡ್ ಹಾಕಿ ಚಿನ್ನ ತೆಗೆಯುವ ವಿಧಾನ ಎರಡು ಕಡೆಗೂ ಒಂದೇ. ಉಳಿದ ಹಿಟ್ಟಿನಂಥ ಮಣ್ಣು ಎರಡು ಕಡೆಯೂ ಗುಡ್ಡವಾಯಿತು. ನಮ್ಮಲ್ಲಿ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. 2001ರಲ್ಲಿ ಬಾಗಿಲು ಹಾಕಿದರು. ಗುಡ್ಡ ಅಲ್ಲೇ ಇದೆ. ಜೋರು ಗಾಳಿ ಬಂದರೆ ಆ ಧೂಳು ಎದ್ದು ಒಣಹಾಕಿದ ಬಟ್ಟೆ ಮೇಲೆ, ಹಪ್ಪಳದ ಮೇಲೆ ಕೂರುತ್ತದೆ. ಅಲ್ಲಿಗೆ ಜನ ಈಗ ಹೋಗೋದು ಸೆಲ್ಫಿಗೆ. ಅದನ್ನು ಕೂತು ಬರೆದವರು ನನಗಂತೂ ಸಿಕ್ಕಿಲ್ಲ. ಇದ್ದರೆ ಕಾಮೆಂಟಲ್ಲಿ ಹೇಳಿ, ಖುಷಿಪಡುತ್ತೇನೆ.

1994ರಲ್ಲಿ ಎಲ್ಲ ಬಣ್ಣದವರೂ ಓಟು ಹಾಕಿದ ಮೊದಲ ಚುನಾವಣೆ ಆಯಿತು. ಅದೇ ವರ್ಷದ ಸಿನಿಮಾ 'ಫೀಲಿಕ್ಸ್ ಇನ್ ಎಕ್ಸೈಲ್'. ಬಯಲಲ್ಲಿ ಹೆಣಗಳು ಬಿದ್ದಿವೆ. ಗಾಳಿಗೆ ಪೇಪರ್ ಹಾಳೆಗಳು ಹಾರಿ ಬಂದು ಮುಚ್ಚುತ್ತವೆ. ಮೆಲ್ಲಗೆ ಹೆಣ ಮಣ್ಣಾಗುತ್ತದೆ, ಬರೀ ಬಯಲು ಉಳಿಯುತ್ತದೆ. ಹೊಸ ದೇಶದ ಸಂಭ್ರಮದಲ್ಲಿ ಹಳೆಯದು ಮರೆತುಹೋಗುತ್ತೆ ಅನ್ನೋ ಭಯ ಅದು. ಆದರೆ ಬರೆದದ್ದು ಇದ್ದಿಲಲ್ಲಿ. ಒರೆಸಿದ ಹೆಣದ ಮಸಿ ಬಯಲಲ್ಲಿ ಕಾಣುತ್ತಲೇ ಇರುತ್ತದೆ. ನನ್ನ ಪ್ರಕಾರ ಅವರ ಅತಿ ಒಳ್ಳೆಯ ಕೆಲಸ ಇದೇ.

ಮೂರು ವರ್ಷದ ಮೇಲೆ ಹ್ಯಾಂಡ್‌ಸ್ಪ್ರಿಂಗ್ ಬೊಂಬೆ ಕಂಪನಿಯವರ ಜೊತೆ 'ಉಬು ಅಂಡ್ ದ ಟ್ರೂತ್ ಕಮಿಷನ್' ನಾಟಕ ಮಾಡಿದರು. ಆಗ ಟ್ರೂತ್ ಕಮಿಷನ್, ಅಂದರೆ ವರ್ಣಭೇದದ ಕಾಲದ ಅನ್ಯಾಯಗಳನ್ನು ವಿಚಾರಿಸಲು ಹೊಸ ಸರ್ಕಾರ ಮಾಡಿದ ಆಯೋಗದ ಮುಂದೆ ಜನ ನಿಜವಾಗಿ ಬಂದು ತಮ್ಮ ಮಕ್ಕಳು ಹೇಗೆ ಸತ್ತರು ಅಂತ ಹೇಳುತ್ತಿದ್ದ ಕಾಲ. ಆ ತಾಯಂದಿರ ಮಾತನ್ನು ಒಬ್ಬ ನಟಿ ಅಳುತ್ತಾ ಹೇಳಿದರೆ ಅದು ಮೋಸ ಅಲ್ವಾ? ಅದಕ್ಕೆ ಸಾಕ್ಷಿಗಳನ್ನು ಮರದ ಬೊಂಬೆ ಮಾಡಿದರು. ಬೊಂಬೆ ನಾನೇ ಆ ತಾಯಿ ಅಂತ ನಂಬಿಸಲು ಹೋಗಲ್ಲ. ದಾಖಲೆಗಳನ್ನು ತಿಂದು ಹಾಕುವ ಒಂದು ಮೊಸಳೆಯೂ ಇದೆ, ಹಳೆಯ ಚೀಲದಿಂದ ಮಾಡಿದ್ದು. ಅಲ್ಲೂ ಅದೇ ಪ್ರಶ್ನೆ, ಅಳಿಸಿದ್ದು ನಿಜವಾಗಿ ಹೋಯಿತಾ?

ನಾನು ಅವರ ಕೆಲಸವನ್ನು ಫೋನಲ್ಲಲ್ಲದೆ ಕಣ್ಣೆದುರು ನೋಡಿದ್ದು ಒಂದೇ ಸಲ. 2018-19ರ ಕೊಚ್ಚಿ ಬಿನಾಲೆ ಅನ್ನೋ ಕಲಾಪ್ರದರ್ಶನದಲ್ಲಿ. ಹಳೆಯ ಗೋದಾಮು, ಕತ್ತಲು, ಸೆಕೆ. ಸಾಲಾಗಿ ಎಂಟು ಪರದೆ. 'ಮೋರ್ ಸ್ವೀಟ್ಲಿ ಪ್ಲೇ ದ ಡ್ಯಾನ್ಸ್'. ಇದ್ದಿಲಲ್ಲಿ ಬರೆದ ಬಯಲಿನ ಮುಂದೆ ಒಂದು ಮೆರವಣಿಗೆ ಒಂದು ಪರದೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಬ್ಯಾಂಡಿನವರು, ಹೊರೆ ಹೊತ್ತವರು, ಡ್ರಿಪ್ ಸ್ಟ್ಯಾಂಡ್ ತಳ್ಳಿಕೊಂಡೇ ನಡೆಯುವ ರೋಗಿಗಳು, ಕುಣಿಯುವ ಅಸ್ಥಿಪಂಜರ, ಬಂದೂಕು ಹಿಡಿದು ಕಾಲ್ಬೆರಳ ತುದಿಯಲ್ಲಿ ಕುಣಿಯುವ ಹುಡುಗಿ. ಹದಿನೈದು ನಿಮಿಷ. ನಾನು ಮೂರು ಸುತ್ತು ಕೂತೆ. ಜೊತೆಗೆ ಬಂದ ಗೆಳೆಯ ಎದ್ದು ಮೀನು ಊಟಕ್ಕೆ ಹೋದ.

ಆ ಹೆಸರಿನ ಹಿಂದೆ ಸಾವನ್ನು ಕುರಿತು ಕವಿ ಪೌಲ್ ಸೆಲಾನ್ ಬರೆದ ಕವಿತೆ ಇದೆ ಅಂತ ಆಮೇಲೆ ಗೊತ್ತಾಯಿತು. ಅಲ್ಲಿ ಕೂತಾಗ ನನಗೆ ಕೇಳಿದ್ದು ನಮ್ಮೂರ ತಮಟೆ. ಹೆಣದ ಮುಂದೆ ತಮಟೆ ಬಡಿಯುತ್ತಾ, ಕುಣಿಯುತ್ತಾ, ಹೂವು ಎರಚುತ್ತಾ ಹೋಗುತ್ತಾರಲ್ಲ, ಅದು. ನಮ್ಮ ತಾತನನ್ನು ಹಾಗೇ ಕಳಿಸಿದ್ದು. ಚಿಕ್ಕವನಿದ್ದಾಗ ನನಗೆ ಆ ಕುಣಿತ ಕಂಡರೆ ಸಿಟ್ಟು. ಅಳಬೇಕಾದ ಕಡೆ ಇದೇನು ಅಂತ.

ಇಷ್ಟು ಹೊಗಳಿದ ಮೇಲೆ ಒಂದು ತಕರಾರನ್ನೂ ಹೇಳಿಬಿಡುತ್ತೇನೆ. ಅವರ ಒಪೆರಾಗಳು ನನಗೆ ಹತ್ತುವುದಿಲ್ಲ. ಬ್ರಸೆಲ್ಸ್‌ನಲ್ಲಿ ಮೊತ್ಸಾರ್ಟ್ ರಚಿಸಿದ್ದು, ನ್ಯೂಯಾರ್ಕ್‌ನಲ್ಲಿ ಶೋಸ್ತಾಕೋವಿಚ್ ರಚಿಸಿದ್ದು. ನೋಡಿದ್ದು ಯೂಟ್ಯೂಬ್ ತುಣುಕುಗಳಲ್ಲಿ, ಅದು ನ್ಯಾಯ ಅಲ್ಲ, ಒಪ್ಪುತ್ತೇನೆ. ಆದರೂ ವೇದಿಕೆ ಮೇಲೆ ಅಷ್ಟೊಂದು ಚಿತ್ರ, ಅಷ್ಟೊಂದು ಪರದೆ, ಅಷ್ಟೊಂದು ಜನ ಬಂದಾಗ ಆ ಒಂಟಿ ಹಾಳೆಯ ಕಷ್ಟ ಕಾಣಲ್ಲ. ಸಂಗೀತ, ನೃತ್ಯ, ಎಡಿಟಿಂಗ್ ಮಾಡುವ ದೊಡ್ಡ ಬಳಗವೇ ಈಗ ಅವರ ಸುತ್ತ ಇದೆ, ಅದರಲ್ಲಿ ಕಪ್ಪು ಕಲಾವಿದರು ಎಷ್ಟೋ ಜನ. ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿರೋದು ಮಾತ್ರ ಒಂದೇ ಹೆಸರು. 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ 'ಸೆಂಟರ್ ಫಾರ್ ದ ಲೆಸ್ ಗುಡ್ ಐಡಿಯಾ' ಕಟ್ಟಿ ಬೇರೆಯವರಿಗೂ ಜಾಗ ಮಾಡಿದ್ದಾರೆ ಅನ್ನೋದೂ ನಿಜ. ಹೆಸರು ಬಂದದ್ದು ಸೆಟ್ಸ್ವಾನಾ ಭಾಷೆಯ ಒಂದು ಗಾದೆಯಿಂದ. ಒಳ್ಳೆ ವೈದ್ಯನ ಕೈಲಿ ಆಗದಿದ್ದರೆ ಅಷ್ಟೇನೂ ಒಳ್ಳೆಯವನಲ್ಲದ ವೈದ್ಯನನ್ನು ಹುಡುಕು ಅಂತ. ನನ್ನ ರೆಸ್ಯುಮೆ ಮೇಲೆ ಇದನ್ನೇ ಹಾಕಿಕೊಳ್ಳಬೇಕು.

ಅದೇ 2016ರಲ್ಲಿ ರೋಮ್‌ನಲ್ಲಿ ಮಾಡಿದ್ದನ್ನು ಹೇಳದಿದ್ದರೆ ಈ ಬರಹ ಅರ್ಧವೇ. ಟೈಬರ್ ನದಿಯ ದಂಡೆಗೆ ಕಟ್ಟಿದ ಎತ್ತರದ ಕಲ್ಲುಗೋಡೆ. ವರ್ಷಗಟ್ಟಲೆ ಹೊಗೆ, ಪಾಚಿ ಕೂತು ಕಪ್ಪಾಗಿತ್ತು. ದೊಡ್ಡ ದೊಡ್ಡ ಅಚ್ಚು ಇಟ್ಟು, ಸುತ್ತಲಿನ ಕೊಳೆಯನ್ನು ಜೋರು ನೀರಿನ ಪೈಪಿನಿಂದ ತೊಳೆದರು. ತೊಳೆಯದೆ ಬಿಟ್ಟ ಕೊಳೆಯೇ ಚಿತ್ರ. ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೂ ರೋಮ್‌ನ ಗೆಲುವು ಸೋಲುಗಳ ಮೆರವಣಿಗೆ, ಒಂದೊಂದು ಆಕೃತಿ 10 ಮೀಟರ್‌ವರೆಗೂ ಎತ್ತರ. ಬಣ್ಣ ಒಂದು ತೊಟ್ಟೂ ಇಲ್ಲ. ಗೋಡೆ ಮತ್ತೆ ಕಪ್ಪಾದ ಹಾಗೆ ಚಿತ್ರ ತಾನಾಗಿ ಮುಚ್ಚಿಹೋಗಲಿ ಅಂತ ಮೊದಲೇ ಲೆಕ್ಕ ಹಾಕಿದ್ದು.

ಇಂಟರ್‌ವ್ಯೂ ಆದ ಆ ಭಾನುವಾರ ನಾನೂ ಒಂದು ಕೈ ನೋಡಿದೆ. ಬೀದಿ ಕೊನೆಯ ಇಸ್ತ್ರಿ ಅಂಗಡಿ ಅಣ್ಣನ ಹತ್ತಿರ ನಾಲ್ಕು ತುಂಡು ಇದ್ದಿಲು ಕೇಳಿದೆ. "ಯಾಕೆ ಸಾರ್, ಕಬಾಬಾ?" ಅಂದ. ರೂಮಿನ ಗೋಡೆಗೆ ಡ್ರಾಯಿಂಗ್ ಶೀಟು ಅಂಟಿಸಿ, ಸ್ಟೂಲಿನ ಮೇಲೆ ಪುಸ್ತಕ ಪೇರಿಸಿ ಫೋನ್ ನಿಲ್ಲಿಸಿದೆ. ಬರೆದದ್ದು ಸೈನೈಡ್ ಗುಡ್ಡ, ಅದರ ಮೇಲೆ ಹಾರುವ ಒಂದು ಕಾಗೆ. ಇಸ್ತ್ರಿ ಇದ್ದಿಲು ಗಟ್ಟಿ, ಹಾಳೆ ಪರಪರ ಕೆರೆಯುತ್ತದೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ 144 ಫೋಟೊ. ಸೇರಿಸಿದರೆ 12 ಸೆಕೆಂಡು. ಕಾಗೆ ಕೋಳಿ ಥರ ಹಾರುತ್ತದೆ. ಆದರೆ ಅದರ ಹಿಂದೆ ಆಕಾಶದ ಉದ್ದಕ್ಕೂ ಬೂದು ಗೆರೆ ಬಂದಿದೆ. ಶೀಟು ತೆಗೆದು ನೋಡಿದರೆ ಗೋಡೆಯ ಮೇಲೂ ಬಂದಿದೆ. ಒದ್ದೆ ಬಟ್ಟೆಯಲ್ಲಿ ಉಜ್ಜಿದೆ, ಇನ್ನೂ ಅಗಲ ಆಯಿತು. ಮನೆ ಖಾಲಿ ಮಾಡುವಾಗ ಓನರ್ ಅಂಕಲ್ ಅಡ್ವಾನ್ಸಲ್ಲಿ ಪೇಂಟಿಂಗ್ ದುಡ್ಡು ಹೇಗೂ ಹಿಡಿಯುತ್ತಾರೆ. ಈ ಸಲ ಕೇಳೋಕೆ ನನ್ನ ಹತ್ತಿರ ಬಾಯಿಲ್ಲ.